ಬೈಲಿನಲ್ಲಿ ಬೆಳೆ, ಬೆಟ್ಟಿನಲ್ಲಿ ಮನೆ: ಕುಂದಾಪುರ ಸೀಮೆಯಲ್ಲಿ ಜನವಸತಿ ದಟ್ಟವಾದ ಬಗೆ

ಕುಂದಾಪುರದಿಂದ ಬಸರೂರು, ಕಂಡ್ಲೂರು, ಅಂಪಾರು, ಸಿದ್ಧಾಪುರ ಮಾರ್ಗವಾಗಿ ಘಟ್ಟದ ಬುಡದ ಹೊಸಂಗಡಿಗೆ ಹೋಗುವ ರಸ್ತೆಯ ಎರಡೂ ಬದಿಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಡಲ ಬದಿಯಲ್ಲಿ ಒಂದು ಹಿತ್ತಿಲಿನ ಬೇಲಿಗೆ ಇನ್ನೊಂದು ಹಿತ್ತಿಲು ತಾಗಿಕೊಂಡಿದೆ. ನಡುವಿನ ಮುರಕಲ್ಲು ಗುಡ್ಡಗಳ ಮೇಲೆ ಮನೆಗಳು ವಿರಳವಾಗಿ, ಗುಡ್ಡಗಳ ನಡುವಣ ಬೈಲಿನ ಅಂಚಿನಲ್ಲಿ ಮತ್ತೆ ಒತ್ತಾಗುತ್ತವೆ. ಸಿದ್ಧಾಪುರ ದಾಟಿದ ಮೇಲೆ ಕಾಡೇ ಹೆಚ್ಚು, ಮನೆ ಕಡಿಮೆ.

ಮಳೆಯ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿದೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬಿದ್ದರೆ, ಘಟ್ಟದ ಕಡೆಗೆ ಸರಿದಂತೆ ಅದು ಹೆಚ್ಚುತ್ತಾ ಹೋಗಿ ಘಟ್ಟದ ಮೇಲಿನ ಆಗುಂಬೆಯಲ್ಲಿ 7,000 ಮಿ.ಮೀ. ಮೀರುತ್ತದೆ. ಮಳೆ ಹೆಚ್ಚಿದಂತೆ ಜನ ಹೆಚ್ಚಬೇಕಿತ್ತು, ಇಲ್ಲಿ ಕಡಿಮೆಯಾಗುತ್ತಾರೆ. ಇದೇಕೆ ಹೀಗೆ ಎಂಬುದನ್ನು ತಿಳಿಯುವುದು ಭೂಗೋಳ ಪಾಠಕ್ಕಷ್ಟೇ ಅಲ್ಲ, ಬೇಸಾಯಕ್ಕೂ ಅಗತ್ಯ. ಏಕೆಂದರೆ ಈ ಸೀಮೆಯಲ್ಲಿ ಜನರನ್ನು ಸಾಕಿದ ನೆಲ ಯಾವುದೋ ಅದೇ ನೆಲದ ಮೇಲೆ ಈಗ ಮನೆಗಳು ಏಳುತ್ತಿವೆ.

ಸಾಂದ್ರತೆಯನ್ನು ಅಳೆಯುವ ಎರಡು ಬಗೆ

ಒಂದು ಚದರ ಕಿಲೋಮೀಟರ್ ನೆಲದಲ್ಲಿ ಎಷ್ಟು ಜನ ವಾಸಿಸುತ್ತಾರೆ ಎಂಬುದೇ ಜನಸಾಂದ್ರತೆ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361, ಸಾಂದ್ರತೆ 329. ಕರ್ನಾಟಕದ ಸರಾಸರಿ 319. ಶಿರೂರು ದಾಟಿದ ಕೂಡಲೆ ಸಿಗುವ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು 140, ಘಟ್ಟದ ಮೇಲಿನ ಶಿವಮೊಗ್ಗ ಜಿಲ್ಲೆಯಲ್ಲಿ 207, ಕೊಡಗಿನಲ್ಲಿ 135. ಆ ಗಣತಿಯ ಕಾಲಕ್ಕೆ ಬ್ರಹ್ಮಾವರ ಉಡುಪಿ ತಾಲ್ಲೂಕಿನಲ್ಲಿಯೂ ಬೈಂದೂರು ಕುಂದಾಪುರ ತಾಲ್ಲೂಕಿನಲ್ಲಿಯೂ ಸೇರಿದ್ದವು. ಅವು ಪ್ರತ್ಯೇಕ ತಾಲ್ಲೂಕುಗಳಾದುದು ಆಮೇಲೆ.

ಉತ್ತರ ಕನ್ನಡಕ್ಕೂ ಉಡುಪಿಗೂ ಕಡಲು ಒಂದೇ, ಮುಂಗಾರು ಒಂದೇ. ಆದರೂ ಸಾಂದ್ರತೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಉತ್ತರ ಕನ್ನಡದ ನೆಲದಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಕಾಡು; ಘಟ್ಟದ ಮೇಲಿನ ವಿಶಾಲ ತಾಲ್ಲೂಕುಗಳೂ ಅದರಲ್ಲಿ ಸೇರಿವೆ. ಆ ಜಿಲ್ಲೆಯ ಕಡಲ ಬದಿಯ ಊರುಗಳನ್ನಷ್ಟೇ ನೋಡಿದರೆ ಅಲ್ಲಿಯೂ ಜನ ಒತ್ತಾಗಿಯೇ ಇದ್ದಾರೆ. ಸರಾಸರಿ ಅಂಕಿ ಒಳಗಿನ ಏರುಪೇರನ್ನು ಮರೆಮಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ರೈತರಿಗೆ ಉಪಯುಕ್ತವಾದುದು ಎರಡನೆಯ ಅಳತೆ: ಸಾಗುವಳಿಗೆ ಒದಗುವ ಒಂದು ಚದರ ಕಿಲೋಮೀಟರಿಗೆ ಎಷ್ಟು ಜನ? ಒಂದು ಗ್ರಾಮದ ವಿಸ್ತೀರ್ಣ 10 ಚ.ಕಿ.ಮೀ., ಜನಸಂಖ್ಯೆ 3,000 ಎಂದಿಟ್ಟುಕೊಳ್ಳೋಣ. ಮೊದಲ ಅಳತೆಯಲ್ಲಿ ಸಾಂದ್ರತೆ 300. ಅದರಲ್ಲಿ ಗದ್ದೆ, ತೋಟ ಸೇರಿ 2 ಚ.ಕಿ.ಮೀ. ಮಾತ್ರ ಇದ್ದರೆ ಎರಡನೆಯ ಅಳತೆಯಲ್ಲಿ ಅದು 1,500. ಈಜಿಪ್ಟ್ ದೇಶದ ನಕಾಶೆಯಲ್ಲಿ ಬಹುಪಾಲು ಮರುಭೂಮಿ; ಅಲ್ಲಿನ ಜನ ಬಹುತೇಕ ಎಲ್ಲರೂ ನೈಲ್ ನದಿಯ ಬದಿಯ ಸಣ್ಣ ಪಟ್ಟಿಯಲ್ಲಿದ್ದಾರೆ. ಕುಂದಾಪುರ ಸೀಮೆಯ ಬೈಲುಗಳದೂ ಸಣ್ಣ ಪ್ರಮಾಣದಲ್ಲಿ ಇದೇ ಕಥೆ.

ನೆಲದ ಮೂರು ಪಟ್ಟಿಗಳು

ಕಡಲಿನಿಂದ ಘಟ್ಟದವರೆಗೆ ನೆಲ ಮೂರು ಪಟ್ಟಿಗಳಾಗಿ ಬಿದ್ದಿದೆ.

ಮೊದಲನೆಯದು ಕಡಲ ಬದಿಯ ತಗ್ಗು ಪಟ್ಟಿ. ಮರಳು ದಿಣ್ಣೆ, ಹೊಳೆಗಳು ತಂದು ಹಾಕಿದ ಮೆಕ್ಕಲು ಮಣ್ಣು, ಹೊಳೆಯ ನಡುವಣ ಕುದ್ರುಗಳು ಇಲ್ಲಿ ಸೇರುತ್ತವೆ. ಬ್ರಹ್ಮಾವರ ತಾಲ್ಲೂಕಿನಲ್ಲಿ ಸೀತಾ, ಸ್ವರ್ಣಾ ಹೊಳೆಗಳು ಈ ಪಟ್ಟಿಯನ್ನು ಅಗಲ ಮಾಡಿವೆ. ಕುಂದಾಪುರದ ಬಳಿ ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೈಂದೂರಿನ ಕಡೆಗೆ ಹೋದಂತೆ ಘಟ್ಟ ಕಡಲಿಗೆ ಸಮೀಪಿಸುತ್ತದೆ. ತಗ್ಗು ಪಟ್ಟಿ ಕಿರಿದಾಗುತ್ತದೆ. ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕೆಗೂ ನಡುವೆ ಹೆದ್ದಾರಿಗೆ ಸಾಲುವಷ್ಟು ಜಾಗ ಮಾತ್ರ ಉಳಿದಿದೆ. ತಗ್ಗು ಪಟ್ಟಿ ಅಗಲವಾದಲ್ಲಿ ಜನ ಹೆಚ್ಚು, ಕಿರಿದಾದಲ್ಲಿ ಕಡಿಮೆ.

ಎರಡನೆಯದು ಮುರಕಲ್ಲಿನ ಗುಡ್ಡಗಳ ನಡುಪಟ್ಟಿ. ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳು. ಮಳೆ ನೀರು ಕಲ್ಲಿನ ರಂಧ್ರಗಳಲ್ಲಿ ಬೇಗನೆ ಇಳಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ನೆತ್ತಿಯಲ್ಲಿ ಬಾವಿ ತೋಡುವುದು ಕಷ್ಟ, ಬುಡದಲ್ಲಿ ಸುಲಭ. ಆದ್ದರಿಂದ ಹಿಂದಿನವರ ಮನೆ, ಅಡಿಕೆ ತೋಟ, ಗದ್ದೆ ಎಲ್ಲವೂ ಗುಡ್ಡದ ಬುಡದಲ್ಲಿ. ನೆತ್ತಿ ದನ ಮೇಯಲು ಮತ್ತು ಹುಲ್ಲಿಗೆ.

ಮೂರನೆಯದು ಘಟ್ಟದ ಬುಡ. ಅಮಾಸೆಬೈಲು, ಹೊಸಂಗಡಿ, ಕೊಲ್ಲೂರು, ಜಡ್ಕಲ್, ಮುದೂರು ಕಡೆಯ ಇಳಿಜಾರು ನೆಲ ಇದಕ್ಕೆ ಸೇರುತ್ತದೆ. ಮಳೆ ಹೇರಳ, ಸಮತಟ್ಟು ನೆಲ ಕಡಿಮೆ.

ನೀರು ನಿಲ್ಲುವಲ್ಲಿ ಜನ ನೆಲೆ ನಿಂತರು

ಒಂದು ಹೆಕ್ಟೇರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು. 4,000 ಮಿ.ಮೀ. ಎಂದರೆ ಹೆಕ್ಟೇರಿಗೆ 4 ಕೋಟಿ ಲೀಟರ್. ಇದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು, ಬಹುಭಾಗ ಕೆಲವೇ ಗಂಟೆಗಳಲ್ಲಿ ಕಡಲು ಸೇರುತ್ತದೆ. ಘಟ್ಟದ ಇಳಿಜಾರಿನಲ್ಲಿ ನೀರು ಓಡುತ್ತದೆ, ಬೈಲಿನಲ್ಲಿ ನಿಲ್ಲುತ್ತದೆ. ಜನವಸತಿಯನ್ನು ನಿರ್ಧರಿಸಿದುದು ಬಿದ್ದ ಮಳೆಯ ಪ್ರಮಾಣವಲ್ಲ. ನಿಂತ ನೀರಿನ ಪ್ರಮಾಣ.

ಗದ್ದೆಯ ಅಂಚು, ತೋಡಿಗೆ ಕಟ್ಟಿದ ಕಟ್ಟ, ಮದಗ, ಕೆರೆ ಇವೆಲ್ಲವೂ ಓಡುವ ನೀರನ್ನು ನಿಲ್ಲಿಸುವ ಸಾಧನಗಳು. ಹೆಕ್ಟೇರ್ ಗದ್ದೆಯಲ್ಲಿ 10 ಸೆಂ.ಮೀ. ನೀರು ನಿಂತರೆ ಒಂದು ಸಲಕ್ಕೆ 10 ಲಕ್ಷ ಲೀಟರ್. ಆ ನೀರು ದಿನವೂ ಇಂಗಿ, ಮತ್ತೆ ತುಂಬಿ, ಸುತ್ತಲಿನ ಬಾವಿಗಳ ಒರತೆಯನ್ನು ಬೇಸಿಗೆಯವರೆಗೆ ಕಾಯುತ್ತದೆ.

ಈ ಸೀಮೆಯ ಮನೆಗಳು ಚದರಿಕೊಂಡಿರುವುದಕ್ಕೂ ಇದೇ ಕಾರಣ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಯ ಗೋಡೆಗೆ ಮನೆಯ ಗೋಡೆ ತಾಗಿ ಒಂದೇ ಕಡೆ ಊರು ಕಟ್ಟಿಕೊಂಡಿದೆ. ಕುಡಿಯುವ ನೀರಿನ ಬಾವಿ ಒಂದೆರಡು, ಹೊಲ ಊರಾಚೆ. ಕರಾವಳಿಯಲ್ಲಿ ಪ್ರತಿ ಮನೆಗೂ ತನ್ನದೇ ಬಾವಿ ಸಾಧ್ಯವಾದುದರಿಂದ, ಪ್ರತಿ ರೈತನೂ ತನ್ನ ಗದ್ದೆಯ ಅಂಚಿನ ಎತ್ತರದ ಬೆಟ್ಟಿನಲ್ಲಿ ಮನೆ ಕಟ್ಟಿ, ಸುತ್ತ ತೆಂಗು ನೆಟ್ಟುಕೊಂಡ. ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. ನೋಡಲು ಒತ್ತಾಗಿಲ್ಲದಂತೆ ಕಂಡರೂ ಲೆಕ್ಕಕ್ಕೆ ಸಾಂದ್ರತೆ ಹೆಚ್ಚೇ ಇದೆ.

ಭತ್ತ ಜನರನ್ನು ಸಾಕಿತು, ಜನರನ್ನು ಬೇಡಿತು

ಇಲ್ಲಿನ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಕಾರ್ತಿ ಬೆಳೆ ಒಂದೇ. ಮಜಲಿನಲ್ಲಿ ಕಾರ್ತಿಯ ಬಳಿಕ ಸುಗ್ಗಿ ಬೆಳೆ, ಇಲ್ಲವೆ ಉದ್ದು, ಹೆಸರು, ಅಲಸಂಡೆ, ನೆಲಗಡಲೆ. ಒಳ್ಳೆಯ ಬೈಲಿನಲ್ಲಿ ನೀರಿದ್ದರೆ ಕೊಳಕೆ ಎಂಬ ಮೂರನೆಯ ಬೆಳೆಯೂ ಆಗುತ್ತಿತ್ತು.

ಒಂದು ಹೆಕ್ಟೇರಿನಲ್ಲಿ ಒಂದು ಬೆಳೆಗೆ 40 ಕ್ವಿಂಟಾಲ್ ಭತ್ತ ಎಂದು ಹಿಡಿದರೆ ಸುಮಾರು 26 ಕ್ವಿಂಟಾಲ್ ಅಕ್ಕಿ ದೊರೆಯುತ್ತದೆ. ದೊಡ್ಡವರು, ಚಿಕ್ಕವರು ಸೇರಿ ವರ್ಷಕ್ಕೆ ತಲಾ 150 ಕೆ.ಜಿ. ಬೇಕೆಂದರೆ ಹದಿನೇಳು ಜನರ ಊಟ. ಹಳೆಯ ತಳಿಗಳ ಇಳುವರಿ ಇದರ ಅರ್ಧ ಎಂದುಕೊಂಡರೂ ಎರಡು ಬೆಳೆಯ ಬೈಲು ಅಷ್ಟೇ ಬಾಯಿಗಳನ್ನು ಸಾಕಬಲ್ಲದು. ಒಣ ಭೂಮಿಯ ಜೋಳ, ರಾಗಿಯ ಹೊಲಕ್ಕೆ ಇದು ಕಷ್ಟಸಾಧ್ಯ. ಗಂಗೆಯ ಬಯಲು, ಇಂಡೋನೇಷ್ಯದ ಜಾವಾ ದ್ವೀಪ, ಕೇರಳದ ಕರಾವಳಿ ಇವೆಲ್ಲವೂ ಭತ್ತದ ಗದ್ದೆಯ ಬಲದಿಂದಲೇ ಜನನಿಬಿಡವಾದ ಪ್ರದೇಶಗಳು.

ಭತ್ತ ಉಣಿಸಿದಂತೆ ದುಡಿಸಿಯೂ ಕೊಂಡಿತು. ಅಗೆ ಕೀಳುವುದು, ನಾಟಿ, ಕಳೆ, ಕೊಯ್ಲು, ಒಕ್ಕಣೆ ಎಲ್ಲಕ್ಕೂ ಕೆಲವೇ ದಿನಗಳಲ್ಲಿ ಹಲವು ಕೈಗಳು ಬೇಕು. ಗದ್ದೆಗೆ ಸೊಪ್ಪು, ತರಗೆಲೆ ಒದಗಿಸಲು ಪಕ್ಕದ ಹಾಡಿ ಬೇಕು. ಹೀಗೆ ಬೈಲು, ಅದರ ಮೇಲೆ ಮನೆ, ಮನೆಯ ಹಿಂದೆ ಹಾಡಿ ಎಂಬ ಜೋಡಣೆ ನೂರಾರು ವರ್ಷ ಈ ಸೀಮೆಯ ಜನರನ್ನು ಹಿಡಿದು ನಿಲ್ಲಿಸಿತು.

ಕಡಲು, ಹೊಳೆ, ಅಂಗಡಿ

ಗದ್ದೆ ಒಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಗಂಗೊಳ್ಳಿ, ಉಪ್ಪುಂದ, ಕೋಡಿ, ಹಂಗಾರಕಟ್ಟೆ ಮುಂತಾದ ಕಡೆ ಮೀನುಗಾರರ ಮನೆಗಳು ಮರಳ ಮೇಲೆ ಸಾಲಾಗಿ ಒತ್ತಿಕೊಂಡಿವೆ. ಅವರ ಬೆಳೆ ಕಡಲಿನಲ್ಲಿ. ದೋಣಿ ಎಳೆಯುವ ದಡಕ್ಕೆ ಹತ್ತಿರವಿರುವುದೇ ಅವರಿಗೆ ಮುಖ್ಯ. ಮರಳಿನಲ್ಲಿ ಕೆಲವೇ ಅಡಿ ಅಗೆದರೆ ಸಿಹಿನೀರು ಸಿಗುವುದೂ ಅವರಿಗೆ ಅನುಕೂಲವಾಯಿತು.

ಹೊಳೆಯ ದಾರಿ ಮುಗಿದು ಎತ್ತಿನ ದಾರಿ ಶುರುವಾಗುವಲ್ಲಿ ಪೇಟೆಗಳು ಹುಟ್ಟಿದವು. ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿದ್ದ ಬಾರ್ಕೂರಿನಲ್ಲಿ ಇಂದಿಗೂ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ ಎಂಬ ಕೇರಿಗಳ ಹೆಸರುಗಳು ಉಳಿದಿವೆ. ವಾರಾಹಿಯ ದಂಡೆಯ ಬಸರೂರು ಅಕ್ಕಿಯ ರಫ್ತಿಗೆ ಹೆಸರಾದ ಬಂದರು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಅದನ್ನು ಕೊಳ್ಳೆ ಹೊಡೆದನು. ಇಂದು ಆ ಎರಡು ಊರುಗಳಿಗಿಂತ ಕುಂದಾಪುರ, ಬ್ರಹ್ಮಾವರ ಪೇಟೆಗಳೇ ದೊಡ್ಡವು. ವ್ಯಾಪಾರದ ದಾರಿ ಬದಲಾದರೆ ಜನರೂ ಸರಿಯುತ್ತಾರೆ. ಹಿಂದೆ ದಾರಿ ಹೊಳೆಯಾಗಿತ್ತು. ಈಗ ರಾಷ್ಟ್ರೀಯ ಹೆದ್ದಾರಿ 66 ಮತ್ತು 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ.

ಘಟ್ಟದ ಬುಡ ಏಕೆ ವಿರಳ?

ಇಳಿಜಾರು ಮೊದಲ ಕಾರಣ. ಎರಡನೆಯದು ರೋಗ. ಘಟ್ಟದ ಬುಡದ ಚಳಿಜ್ವರಕ್ಕೆ ಹೆದರಿ ಅಲ್ಲಿ ನೆಲೆಸುವವರು ಕಡಿಮೆಯಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಸಿಂಪಡಣೆ ನಡೆದ ಮೇಲೆ ಮಲೆನಾಡಿನ ಅಂಚಿನ ಅನೇಕ ಕಡೆ ಹೊಸ ಒಕ್ಕಲು ಸಾಧ್ಯವಾಯಿತು. ಜಡ್ಕಲ್, ಮುದೂರು ಕಡೆ ಕೇರಳದಿಂದ ಬಂದ ಬೇಸಾಯಗಾರರು ಇಳಿಜಾರಿನಲ್ಲೇ ರಬ್ಬರ್ ಬೆಳೆಸಿ ನೆಲೆ ನಿಂತರು. ಭತ್ತಕ್ಕೆ ಒಗ್ಗದ ನೆಲ ಬೇರೊಂದು ಬೆಳೆಗೆ ಒಗ್ಗಿದರೆ ಜನ ಬರುತ್ತಾರೆ ಎಂಬುದಕ್ಕೆ ಇದು ಉದಾಹರಣೆ.

ಮೂರನೆಯ ಕಾರಣ ಕಾನೂನು. ಬ್ರಿಟಿಷರ ಆಡಳಿತದಲ್ಲಿ ಕುಮರಿ ಬೇಸಾಯದ ಮೇಲೆ ನಿರ್ಬಂಧ ಬಿದ್ದು ಕಾಡು ಸರ್ಕಾರದ ವಶವಾಯಿತು. 1974ರಲ್ಲಿ ಮೂಕಾಂಬಿಕಾ ಮತ್ತು ಸೋಮೇಶ್ವರ ವನ್ಯಧಾಮಗಳು ಘೋಷಣೆಯಾದವು. ಕಾಡಂಚಿನ ಗದ್ದೆಗೆ ಹಂದಿ, ಕಾಡುಕೋಣ, ಮಂಗಗಳ ಕಾಟವೂ ಇದೆ. ದೂರದ ಶಾಲೆ, ಆಸ್ಪತ್ರೆ, ಮಳೆಗಾಲದಲ್ಲಿ ದಾಟಲಾಗದ ಹೊಳೆ ಇವು ಸೇರಿದಾಗ, ಅಲ್ಲಿಯ ಯುವಕರು ಪಶ್ಚಿಮಕ್ಕೆ ಇಳಿದು ಬರುವುದು ಸಹಜ.

ಈ ಕಾಡು ಜನವಿಲ್ಲದ ನಿರುಪಯೋಗಿ ನೆಲ ಎಂದು ತಿಳಿಯಬಾರದು. ಕಡಲ ಬದಿಯ ಹೊಳೆಗಳಲ್ಲಿ ಡಿಸೆಂಬರ್, ಜನವರಿಯಲ್ಲೂ ನೀರು ಹರಿಯುವುದು ಈ ಕಾಡಿನ ಮಣ್ಣು ಹಿಡಿದಿಟ್ಟ ಮಳೆಯಿಂದ. ಅಲ್ಲಿ ಜನ ವಿರಳವಾಗಿರುವುದರಿಂದಲೇ ಇಲ್ಲಿ ಜನ ದಟ್ಟವಾಗಿರಲು ಸಾಧ್ಯವಾಗಿದೆ.

ಪಾಲು ಮತ್ತು ವಲಸೆ

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಮನೆ ಬಿಟ್ಟು ಏಳಿಸುವರೆಂಬ ಭಯ ಹೋಯಿತು. ಗಟ್ಟಿ ಗೋಡೆ, ಹೆಂಚಿನ ಮಾಡು, ಬಾವಿ ಬಂದವು. ಮುಂದಿನ ತಲೆಮಾರಿನಲ್ಲಿ ಆ ಸಣ್ಣ ಹಿಡುವಳಿಗಳು ಮತ್ತೆ ಪಾಲಾದವು. ಕೂಡು ಕುಟುಂಬ ಒಡೆದಂತೆ ಒಂದು ಮನೆ ಇದ್ದಲ್ಲಿ ಮೂರು ಮನೆಗಳಾದವು.

ಗದ್ದೆ ಸಾಲದವರು ಹೊರಟರು. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ, ರಾಜ್ಯದ ಊರೂರಿನ ಬೇಕರಿಗಳಲ್ಲಿ, ಕೊಲ್ಲಿ ದೇಶಗಳಲ್ಲಿ ಈ ಸೀಮೆಯವರಿದ್ದಾರೆ. 2011ರ ಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದುದಕ್ಕೆ ಗಂಡಸರ ವಲಸೆ ಒಂದು ಮುಖ್ಯ ಕಾರಣ; ರಾಜ್ಯದ ಸರಾಸರಿ 973. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಏರಿದರೆ ಜಿಲ್ಲೆಯದು ಏರಿದುದು ಶೇ. 5.85 ಮಾತ್ರ.

ಹೋದವರು ಹಣ ಕಳಿಸಿದರು, ಮನೆ ಕಟ್ಟಿಸಿದರು. ಜನ ಅಷ್ಟಾಗಿ ಹೆಚ್ಚದಿದ್ದರೂ ಮನೆಗಳು ಹೆಚ್ಚಿದುದು ಹೀಗೆ. ಗದ್ದೆ ಊಟ ಕೊಡುವುದರಿಂದ ಊರಿನಲ್ಲಿರುವುದು ಎಂಬ ಕಾಲ ಹೋಗಿ, ರಸ್ತೆ, ಶಾಲೆ, ಆಸ್ಪತ್ರೆ ಹತ್ತಿರವಿರುವುದರಿಂದ ಇರುವುದು ಎಂಬ ಕಾಲ ಬಂದಿದೆ.

ಈಗಿನ ಅಪಾಯ

ಹಿಂದಿನವರು ಮನೆಯನ್ನು ಬೆಟ್ಟಿಗೆ, ಬೆಳೆಯನ್ನು ಬೈಲಿಗೆ ಎಂದು ಬೇರೆ ಮಾಡಿದ್ದರು. ಮಳೆಗಾಲದಲ್ಲಿ ಬೈಲು ತುಂಬಿದರೂ ಮನೆಗೆ ನೀರು ಬರುತ್ತಿರಲಿಲ್ಲ. ಈಗ ಹೆದ್ದಾರಿಗೆ ಹತ್ತಿರದ ಬೈಲುಗಳಿಗೆ ಕೆಂಪು ಮಣ್ಣು ತುಂಬಿ ನಿವೇಶನ ಮಾಡಲಾಗುತ್ತಿದೆ. ಇದರಿಂದ ಮೂರು ಬಗೆಯ ಹಾನಿಯಿದೆ.

ಮೊದಲನೆಯದಾಗಿ, ನೀರು ನಿಲ್ಲುವ ಜಾಗ ಕಡಿಮೆಯಾಗಿ, ಅದೇ ನೀರು ಪಕ್ಕದವರ ಗದ್ದೆಗೂ ಅಂಗಳಕ್ಕೂ ನುಗ್ಗುತ್ತದೆ. ತೋಡು ಮುಚ್ಚಿದರೆ ಮೇಲಿನ ಗದ್ದೆಗಳೆಲ್ಲ ಕೊಳೆಯುತ್ತವೆ.

ಎರಡನೆಯದಾಗಿ, ಇಂಗುವ ನೀರು ಕಡಿಮೆಯಾಗಿ ಬಾವಿಗಳು ಬೇಗ ಬತ್ತುತ್ತವೆ. ಹಡಿಲು ಬಿಟ್ಟ ಗದ್ದೆಯ ಅಂಚು ಒಡೆದು ನೀರು ಹೊರಟುಹೋಗುವುದರಿಂದ ಅಲ್ಲಿಯೂ ಇದೇ ಪರಿಣಾಮ.

ಮೂರನೆಯದು ಉಪ್ಪುನೀರು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಕಡಲ ಬದಿಯ ನೆಲದೊಳಗೆ ಅದು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ತತ್ತ್ವದ ಲೆಕ್ಕದಂತೆ ಕಡಲಮಟ್ಟಕ್ಕಿಂತ 1 ಅಡಿ ಎತ್ತರ ನಿಂತ ಸಿಹಿನೀರು ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪುನೀರನ್ನು ಒತ್ತಿ ಹಿಡಿದಿರುತ್ತದೆ. ಮೇಲಿನ ಮಟ್ಟ ಸ್ವಲ್ಪ ಇಳಿದರೂ ಕೆಳಗಿನ ಉಪ್ಪು ಬಹಳ ಏರುತ್ತದೆ. ಒಂದೇ ಹಿತ್ತಿಲಿನಲ್ಲಿ ಮೂರು ಮನೆ, ಮೂರು ಪಂಪು ಆದಾಗ ಇದನ್ನು ನೆನಪಿನಲ್ಲಿಡಬೇಕು. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಹಲವು ಮಳೆಗಾಲ ಬೇಕಾಗಬಹುದು.

ರೈತರೂ ವಿಸ್ತರಣಾ ಕಾರ್ಯಕರ್ತರೂ ಮಾಡಬಹುದಾದುದು

1. ಗ್ರಾಮದ ನಕಾಶೆಯಲ್ಲಿ ಬೈಲು, ಮಜಲು, ಬೆಟ್ಟು, ತೋಡು, ಮದಗ, ಬಾವಿಗಳನ್ನು ಗುರುತಿಸಿ, ಸಾಗುವಳಿ ನೆಲಕ್ಕೆ ಎಷ್ಟು ಜನ ಎಂಬ ಲೆಕ್ಕವನ್ನು ಗ್ರಾಮಸಭೆಯಲ್ಲಿ ಇಡಬೇಕು.

2. ಪಾಲು ಮಾಡುವಾಗ ಬೆಟ್ಟಿನ ಜಾಗವನ್ನು ಮನೆಗಳಿಗೆಂದು ಒಟ್ಟಿಗೆ ಉಳಿಸಿ, ಬೈಲನ್ನು ಬೆಳೆಗೆಂದೇ ಬಿಡುವುದು ಲೇಸು. ಬೈಲಿನ ಒಂದು ಮೂಲೆಯಲ್ಲಿ ಕಟ್ಟಿದ ಮನೆ ಇಡೀ ಬೈಲಿನ ನೀರಿನ ದಾರಿ ಕೆಡಿಸುತ್ತದೆ.

3. ಮೇ ತಿಂಗಳೊಳಗೆ ತೋಡುಗಳ ಹೂಳು ತೆಗೆಯಬೇಕು. ಕಿಂಡಿ ಅಣೆಕಟ್ಟುಗಳಿಗೆ ಮಳೆ ನಿಂತ ಕೂಡಲೆ, ಹೊಳೆಯ ಹರಿವು ಇರುವಾಗಲೇ ಹಲಗೆ ಹಾಕಿ, ಮುಂಗಾರಿಗೆ ಮೊದಲೇ ತೆಗೆಯಬೇಕು. ತಡಮಾಡಿದರೆ ಸಿಹಿನೀರು ಹೋಗಿ ಉಪ್ಪುನೀರೇ ಒಳಗೆ ಉಳಿಯುತ್ತದೆ.

4. 100 ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ ಸುಮಾರು 4 ಲಕ್ಷ ಲೀಟರ್ ಮಳೆ ಬೀಳುತ್ತದೆ. ಅದನ್ನು ಮರಳು, ಜಲ್ಲಿಯ ಸೋಸುಗುಂಡಿಯ ಮೂಲಕ ಬಾವಿಗೆ ಬಿಡಬಹುದು.

5. ಹಡಿಲು ಗದ್ದೆಗಳನ್ನು ಅಕ್ಕಪಕ್ಕದವರು ಗುಂಪಾಗಿ ಬೇಸಾಯ ಮಾಡಿದರೆ ಯಂತ್ರ ನಾಟಿ, ಯಂತ್ರ ಕೊಯ್ಲು ಸಾಧ್ಯವಾಗಿ ಆಳಿನ ಕೊರತೆ ನೀಗುತ್ತದೆ. 2021ರಲ್ಲಿ ಉಡುಪಿ ಕಡೆ ನಡೆದ ಹಡಿಲು ಭೂಮಿ ಕೃಷಿ ಆಂದೋಲನ ಇದಕ್ಕೆ ದಾರಿ ತೋರಿಸಿದೆ. ನೆರೆ ನಿಲ್ಲುವ ಬೈಲುಗಳಿಗೆ ಎಂ.ಒ.4 ಒಗ್ಗದಿದ್ದಲ್ಲಿ, ನೆರೆ ತಡೆಯುವ ಸಹ್ಯಾದ್ರಿ ಪಂಚಮುಖಿ ಕೆಂಪಕ್ಕಿ ತಳಿಯ ಬಗ್ಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

6. ಬೈಲು ಉಳುವ ಆಸಕ್ತಿ ಇಲ್ಲದವರೂ ಅಂಚು ಕಟ್ಟಿ ಮಳೆಗಾಲದಲ್ಲಿ ನೀರು ನಿಲ್ಲಿಸಬೇಕು. ಆ ನೀರಿನ ಫಲ ಮೊದಲು ದೊರೆಯುವುದು ಅವರದೇ ಬಾವಿಗೆ.

ಜನ ಒಂದೆಡೆ ದಟ್ಟವಾಗಿ ನೆಲೆಸುವುದಕ್ಕೆ ನೆಲದ ಮಟ್ಟ, ನಿಲ್ಲುವ ನೀರು, ಬೆಳೆ, ದಾರಿ, ರೋಗ, ಕಾನೂನು ಎಲ್ಲವೂ ಕಾರಣ. ಇವುಗಳಲ್ಲಿ ದಾರಿ ಬದಲಾಗಬಹುದು, ಕಾನೂನು ಬದಲಾಗಬಹುದು. ಬಸರೂರು, ಬಾರ್ಕೂರುಗಳಲ್ಲಿ ಬಂದರಿನ ವ್ಯಾಪಾರ ಹೋದ ಮೇಲೂ ಊರು ಉಳಿದುದಕ್ಕೆ ಸುತ್ತಣ ಬೈಲುಗಳು ಬಹುಮಟ್ಟಿಗೆ ಆಸರೆಯಾದವು. ಮಣ್ಣು ತುಂಬಿಸಿದ ಬೈಲನ್ನು ಮತ್ತೆ ಗದ್ದೆ ಮಾಡುವುದು ಸುಲಭವಲ್ಲ. ಆದುದರಿಂದ ಮನೆಗೆ ಜಾಗ ಹುಡುಕುವವರು ಮೊದಲು ಮಳೆಗಾಲದಲ್ಲಿ ಆ ಜಾಗದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನೆರೆಯವರಲ್ಲಿ ಕೇಳಿ ತಿಳಿದುಕೊಳ್ಳಬೇಕು.